ಹಾಡಿದ್ರ ಹೊಟ್ಟಿ ತುಂಬತದೇನು? ಸಂಗೀತ ಪದವಿಯ ಜಮಾ-ಖರ್ಚು

ಈ ಸಲ ಕೋಡಿಂಗ್ ಇಲ್ಲ, ಷೇರು ಇಲ್ಲ, ಗಿಫ್ಟ್ ಸಿಟಿಯ ಬಾಡಿಗೆಯ ಬಗ್ಗೆಯೂ ಮಾತಿಲ್ಲ. ಒಂದು ಎಕ್ಸೆಲ್ ಶೀಟಿನ ಕಥೆ ಹೇಳ್ತೀನಿ. ನಮ್ಮ ಅಕ್ಕನ ಮಗಳ ಶೀಟು. ಅವಳನ್ನು ಕೇಳಿ, ಅವಳು ಹೂಂ ಅಂದಮೇಲೇ ಮಾತಾಡ್ತಿದೀನಿ. ಹೆಸರು ಮಾತ್ರ ಹೇಳಬೇಡ ಅಂದಿದ್ದಾಳೆ.

ಅಕ್ಕ-ಭಾವ ಸೂರತ್‌ನಲ್ಲಿದ್ದಾರೆ. ಭಾವ ಹಜೀರಾದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಇನ್‌ಚಾರ್ಜ್. ನಾನು ಅಹಮದಾಬಾದ್‌ನಲ್ಲಿ. (ಸುರತ್ಕಲ್‌ನಲ್ಲಿ ಎಂಟೆಕ್ ಮಾಡಿದವನು ಕೊನೆಗೆ ಸೂರತ್‌ಗೆ ರೈಲು ಹತ್ತುತ್ತಾ ಕೂತಿದ್ದಾನೆ ಅಂತ ನಮ್ಮಪ್ಪ ಈಗಲೂ ನಗ್ತಾರೆ.) ನಾವೆಲ್ಲ ಮೂಲತಃ ಧಾರವಾಡದವರು. ಹುಡುಗಿ ಹನ್ನೆರಡನೇ ಕ್ಲಾಸು ಸೈನ್ಸ್ ಮುಗಿಸಿದಳು, ಮಾರ್ಕ್ಸ್ ಚೆನ್ನಾಗೇ ಬಂತು. ಬಂದ ದಿನ ಸಂಜೆ ಹೇಳಿದಳು, ನನಗೆ ಎಂಜಿನಿಯರಿಂಗ್ ಬೇಡ, ವಡೋದರಾಕ್ಕೆ ಹೋಗಿ ಗಾಯನದಲ್ಲಿ ಬಿಪಿಎ ಮಾಡ್ತೀನಿ. ಬಿಪಿಎ ಅಂದರೆ ಬ್ಯಾಚುಲರ್ ಆಫ್ ಪರ್ಫಾರ್ಮಿಂಗ್ ಆರ್ಟ್ಸ್. ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ್ದು.

ಭಾವ ಜಗಳ ಆಡಲಿಲ್ಲ. ನನಗೆ ಫೋನ್ ಮಾಡಿದರು. "ನೋಡಪಾ, ನೀ ಎಂಟೆಕ್ ಮಾಡೀದಿ. ಲೆಕ್ಕಾ ಹಾಕಿ ಹೇಳು. ಹಾಡಿದ್ರ ಹೊಟ್ಟಿ ತುಂಬತದ ಇಲ್ಲೋ? ನೀ ಹೇಳಿದ್ಹಂಗ ಕೇಳ್ತೀನಿ."

ಈ ಕೊನೆಯ ವಾಕ್ಯ ಕೇಳಿ ನನಗೆ ನಿದ್ದೆ ಹೋಯ್ತು. ಯಾಕೆ ಅಂತ ಆಮೇಲೆ ಹೇಳ್ತೀನಿ.

ಮೊದಲು ಜಾಗದ ಬಗ್ಗೆ ಎರಡು ಮಾತು. ವಡೋದರಾದ ಸೂರಸಾಗರ ಕೆರೆಯ ಎದುರಿಗಿರುವ ಈ ಕಾಲೇಜು ಸುಮ್ಮನೆ ಇನ್ನೊಂದು ಕಾಲೇಜಲ್ಲ. 1886ರಲ್ಲಿ ಮೂರನೇ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ಮೌಲಾ ಬಕ್ಷ್ ಶುರು ಮಾಡಿದ ಗಾಯನಶಾಲೆಯೇ ಬೆಳೆದು ಬೆಳೆದು, 1949ರಲ್ಲಿ ವಿಶ್ವವಿದ್ಯಾಲಯ ಆದಮೇಲೆ ಅದರ ಭಾಗವಾಯಿತು. ಮೌಲಾ ಬಕ್ಷ್ ಮೈಸೂರಿಗೆ ಬಂದು ಅಲ್ಲಿನ ಆಸ್ಥಾನದಲ್ಲಿ ಮನ್ನಣೆ ಪಡೆದವರು, ಕರ್ನಾಟಕ ಸಂಗೀತವನ್ನೂ ಕಲಿತವರು. 1916ರಲ್ಲಿ ಭಾತಖಂಡೆಯವರು ಮೊದಲ ಅಖಿಲ ಭಾರತ ಸಂಗೀತ ಸಮ್ಮೇಳನ ಮಾಡಿದ್ದು ಇದೇ ಬರೋಡಾದಲ್ಲಿ. ಇಲ್ಲಿ ಆಸ್ಥಾನ ಗಾಯಕರಾಗಿದ್ದ ಫೈಯಾಜ್ ಖಾನರಿಗೆ 'ಆಫ್ತಾಬ್-ಎ-ಮೌಸಿಕಿ' ಅನ್ನೋ ಬಿರುದು ಕೊಟ್ಟವರು ಮೈಸೂರು ಮಹಾರಾಜರು. ಇದೇ ಬರೋಡಾ ದರಬಾರನ್ನು ಬಿಟ್ಟು ಹೊರಟ ಅಬ್ದುಲ್ ಕರೀಂ ಖಾನರು ಮಿರಜ್‌ನಲ್ಲಿ ನೆಲೆ ನಿಂತರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ನಮ್ಮ ಹುಡುಗಿ ಧಾರವಾಡ ಬಿಟ್ಟು ಗುಜರಾತಿಗೆ ಬಂದು 'ಹೊರಗಿನ' ಸಂಗೀತ ಕಲೀತಾಳೆ ಅಂತ ಯಾರಾದರೂ ಅಂದರೆ ಈ ದಾರಿ ತೋರಿಸಬಹುದು.

ಆದರೆ ಭಾವ ಕೇಳಿದ್ದು ಇತಿಹಾಸ ಅಲ್ಲ. ಹೊಟ್ಟೆಯ ಪ್ರಶ್ನೆ. ಶೀಟಿಗೆ ಬರೋಣ.

ಎರಡು ಟ್ಯಾಬ್ ಮಾಡಿದೆ. ಒಂದರಲ್ಲಿ ಎಂಜಿನಿಯರಿಂಗ್, ಇನ್ನೊಂದರಲ್ಲಿ ಸಂಗೀತ. ಭಾವ ಮಗಳ ಓದಿಗೆ ಅಂತ 12 ಲಕ್ಷ ಎತ್ತಿಟ್ಟಿದ್ದರು. ಖಾಸಗಿ ಕಾಲೇಜು, ಹಾಸ್ಟೆಲ್ ಎಲ್ಲ ಸೇರಿ ವರ್ಷಕ್ಕೆ 3 ಲಕ್ಷ, ನಾಲ್ಕು ವರ್ಷಕ್ಕೆ 12. ಆಮೇಲೆ ಕೆಲಸ. ಸರ್ವಿಸ್ ಕಂಪನಿಗಳ ಫ್ರೆಶರ್ ಸಂಬಳ ನಾನು ಬಿಇ ಮುಗಿಸಿದಾಗಲೂ ಸುಮಾರು ಮೂರೂವರೆ ಲಕ್ಷ, ಇವತ್ತೂ ಸುಮಾರು ಅಷ್ಟೇ ಅನ್ನೋದು ನಮ್ಮೆಲ್ಲರಿಗೂ ಗೊತ್ತಿರೋ ದುಃಖ. ಹಾಗಾಗಿ 3.5 ಅಂತ ಬರೆದೆ.

ಸಂಗೀತದ ಟ್ಯಾಬಿನಲ್ಲಿ ಪದವಿ, ಸ್ನಾತಕೋತ್ತರ ಸೇರಿ ಆರು ವರ್ಷ ಹಿಡಿದೆ. ಸರ್ಕಾರಿ ವಿಶ್ವವಿದ್ಯಾಲಯ ಆದ್ದರಿಂದ ಇಲ್ಲಿ ಫೀಸ್ ದೊಡ್ಡ ಸಾಲಲ್ಲ, ಊಟ-ವಸತಿಯೇ ದೊಡ್ಡದು. ತಿಂಗಳಿಗೆ ಎಲ್ಲ ಸೇರಿ 12,000 ಅಂತ ಇಟ್ಟುಕೊಂಡರೆ ವರ್ಷಕ್ಕೆ 1,44,000. ಆರು ವರ್ಷಕ್ಕೆ 8,64,000. ಮಿರಜ್ ತಂಬೂರಿ ಕೊಳ್ಳೋದಾದರೆ ಅದು ಬೇರೆ. ಸದ್ಯಕ್ಕೆ ಬೆಂಗಳೂರಿನ ರಾಡೆಲ್ ಕಂಪನಿಯ ಎಲೆಕ್ಟ್ರಾನಿಕ್ ತಂಬೂರಿ ಪೆಟ್ಟಿಗೆ ಅವಳ ಹತ್ತಿರ ಇದೆ.

ನೋಡಿ, ಖರ್ಚಿನ ಲೆಕ್ಕದಲ್ಲಿ ಸಂಗೀತವೇ ಅಗ್ಗ. ಇಲ್ಲಿಗೇ ನಿಲ್ಲಿಸಿದರೆ ನಾನು ಎಂಟೆಕ್ ಮಾಡಿದ್ದು ದಂಡ. ಬಿಟ್ಟುಹೋದ ಗಳಿಕೆಯನ್ನೂ ಹಿಡೀಬೇಕು. ಐದನೇ, ಆರನೇ ವರ್ಷದಲ್ಲಿ ಎಂಜಿನಿಯರ್ ಹುಡುಗಿ 7 ಲಕ್ಷ ದುಡೀತಾಳೆ, ಹಾಡೋ ಹುಡುಗಿ ಇನ್ನೂ ಓದ್ತಿರ್ತಾಳೆ. ಅದನ್ನು ಸೇರಿಸಿದರೆ ಸಂಗೀತಕ್ಕೆ 15,64,000 ಆಯ್ತು. ಎಂಜಿನಿಯರಿಂಗ್‌ಗೆ 12 ಲಕ್ಷ. ಅಂತರ 3,64,000. ಭಾವ ಹೆದರಿದ್ದಕ್ಕಿಂತ ಇದು ತುಂಬ ಕಡಿಮೆ. ಒಂದು ಸಾಧಾರಣ ಕಾರಿಗಿಂತಲೂ ಕಡಿಮೆ.

ತೊಂದರೆ ಇರೋದು ಆಮೇಲಿನ ಸಾಲುಗಳಲ್ಲಿ.

ಗಳಿಕೆಯನ್ನು ಒಂದೇ ಸಂಖ್ಯೆಯಾಗಿ ಬರೆಯೋಕೆ ಆಗಲಿಲ್ಲ. ಎಂಜಿನಿಯರಿಂಗ್‌ನಲ್ಲಿ ಸರಾಸರಿ ಅನ್ನೋದಕ್ಕೆ ಏನೋ ಒಂದು ಅರ್ಥ ಇದೆ. ಹತ್ತು ಜನ ಎಂಜಿನಿಯರ್‌ಗಳಲ್ಲಿ ಏಳೆಂಟು ಜನ ಒಂದೇ ಸಾಲಿನ ಸುತ್ತಮುತ್ತ ಇರ್ತಾರೆ. ಸಂಗೀತದಲ್ಲಿ ಹಾಗಿಲ್ಲ. ಕೆಲವರಿಗೆ ಸಂಬಳದ ಕೆಲಸ ಸಿಗುತ್ತೆ, ಬಹಳ ಜನ ಮನೆ ಪಾಠ ಮಾಡ್ತಾರೆ, ಬೆರಳೆಣಿಕೆಯವರು ವೇದಿಕೆಯಿಂದ ಬದುಕ್ತಾರೆ. ಈ ಮೂರನ್ನೂ ಕೂಡಿಸಿ ಭಾಗಿಸಿದರೆ ಬರೋ ಸಂಖ್ಯೆಯ ಹತ್ತಿರ ಯಾರೂ ವಾಸ ಮಾಡ್ತಿರೋದಿಲ್ಲ.

ಸಂಬಳದ ಕೆಲಸಕ್ಕೇ ಪದವಿ ಬೇಕಾಗೋದು. ಕೇಂದ್ರೀಯ ವಿದ್ಯಾಲಯದ ಸಂಗೀತ ಶಿಕ್ಷಕರ ಹುದ್ದೆಗೆ ಸಂಗೀತದಲ್ಲಿ ಪದವಿ ಕೇಳ್ತಾರೆ. ಮೂಲ ವೇತನ 35,400, ಅದರ ಮೇಲೆ ಡಿಎ, ಮನೆ ಬಾಡಿಗೆ ಭತ್ಯೆ. ಮೂಲ ವೇತನವೇ ವರ್ಷಕ್ಕೆ 4,24,800 ಆಯ್ತು, ಅಂದರೆ ನಮ್ಮ ಫ್ರೆಶರ್‌ಗಿಂತ ಜಾಸ್ತಿ. ಎಂಪಿಎ ಮುಗಿಸಿ, ಸಂಗೀತದಲ್ಲಿ ನೆಟ್ ಪಾಸಾದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಬಹುದು. ಅಲ್ಲಿ ಶುರುವಿನ ಮೂಲ ವೇತನ 57,700. ಹೌದು, ಯುಜಿಸಿ ನೆಟ್‌ನಲ್ಲಿ ಸಂಗೀತವೂ ಒಂದು ವಿಷಯ. ಇದನ್ನು ಹೇಳಿದಾಗ ಭಾವನ ಮುಖ ಸ್ವಲ್ಪ ಅರಳಿತು. ಆದರೆ ಒಂದು ಶಾಲೆಗೆ ಸಾಮಾನ್ಯವಾಗಿ ಸಂಗೀತದ ಶಿಕ್ಷಕರು ಒಬ್ಬರೇ. ಗಣಿತಕ್ಕೆ, ವಿಜ್ಞಾನಕ್ಕೆ ಇರೋ ಹಾಗೆ ಸಾಲು ಸಾಲು ಹುದ್ದೆ ಇಲ್ಲ. ಇರೋ ಒಂದು ಹುದ್ದೆ ಖಾಲಿಯಾಗೋಕೆ ಆ ಒಬ್ಬರು ನಿವೃತ್ತರಾಗಬೇಕು.

ವೇದಿಕೆಗೆ ಪದವಿ ಬೇಡ. 1933ರಲ್ಲಿ ಹನ್ನೊಂದು ವರ್ಷದ ಭೀಮಸೇನ ಜೋಶಿ ಗದಗದ ಮನೆ ಬಿಟ್ಟು ಗುರುವನ್ನು ಹುಡುಕುತ್ತ ಹೊರಟಾಗ ಯಾವ ಅರ್ಜಿಯನ್ನೂ ತುಂಬಿರಲಿಲ್ಲ. ಆಕಾಶವಾಣಿಯ ಆಡಿಷನ್‌ನಲ್ಲಿ ಬಿ, ಬಿ-ಹೈ, ಎ, ಟಾಪ್ ಅಂತ ಗ್ರೇಡ್ ಕೊಡೋದೂ ಕಂಠಕ್ಕೇ ಹೊರತು ಸರ್ಟಿಫಿಕೇಟಿಗಲ್ಲ. ಆದರೆ ಇನ್ನೊಂದು ಹೆಸರನ್ನೂ ಶೀಟಿನಲ್ಲಿ ಬರೆದೆ, ಪಂಡಿತ ಎಂ. ವೆಂಕಟೇಶ್ ಕುಮಾರ್. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಹತ್ತಿರ ಹನ್ನೆರಡು ವರ್ಷ ಕಲಿತರು; ಅಲ್ಲಿ ಊಟ, ವಸತಿ, ವಿದ್ಯೆ ಮೂರಕ್ಕೂ ದುಡ್ಡಿಲ್ಲ. ಆಮೇಲೆ ಧಾರವಾಡದ ವಿಶ್ವವಿದ್ಯಾಲಯದ ಸಂಗೀತ ಕಾಲೇಜಿನಲ್ಲಿ ದಶಕಗಳ ಕಾಲ ಪಾಠ ಹೇಳಿದರು. ಪದ್ಮಶ್ರೀ ಬಂದದ್ದು 2016ರಲ್ಲಿ. ನಾವು ಯೂಟ್ಯೂಬಿನಲ್ಲಿ ಕೇಳೋ ಆ ಕಂಠದ ಹಿಂದೆ ಕಲಿಯುವಾಗ ಒಂದು ಆಶ್ರಮದ ಅನ್ನ ಇತ್ತು, ಕಲಿತಮೇಲೆ ತಿಂಗಳ ಸಂಬಳ ಇತ್ತು. ಬರೋಡಾದಲ್ಲಿ ಆ ಖರ್ಚನ್ನು ಮಹಾರಾಜರು ಹೊತ್ತರು. ನಮ್ಮ ಹುಡುಗಿಯ ಖರ್ಚನ್ನು ಹಜೀರಾದ ನೈಟ್ ಶಿಫ್ಟ್ ಹೊರಬೇಕು. ಅಷ್ಟೇ ವ್ಯತ್ಯಾಸ.

(ಅಂದಹಾಗೆ, ನನ್ನ ಎಂಟೆಕ್‌ಗೆ ಸರ್ಕಾರ ತಿಂಗಳಿಗೆ 12,400 ಸ್ಟೈಪೆಂಡ್ ಕೊಟ್ಟಿತ್ತು. ಸಂಸ್ಕೃತಿ ಸಚಿವಾಲಯದಲ್ಲಿ 18ರಿಂದ 25 ವಯಸ್ಸಿನ ಯುವ ಕಲಾವಿದರಿಗೆ ತಿಂಗಳಿಗೆ 5,000ದಂತೆ ಎರಡು ವರ್ಷದ ವಿದ್ಯಾರ್ಥಿವೇತನ ಇದೆ. ಕೇಳುವವರಲ್ಲಿ ಯಾರ ಮನೆಯಲ್ಲಾದರೂ ಹಾಡೋ ಮಕ್ಕಳಿದ್ದರೆ ಇದನ್ನು ಬರೆದಿಟ್ಟುಕೊಳ್ಳಿ.)

ಗುಜರಾತಿನಲ್ಲಿ ಇನ್ನೊಂದು ವಿಚಿತ್ರ ಇದೆ. ಇಲ್ಲಿ ಸಂಗೀತಕ್ಕೆ ದುಡ್ಡಿಲ್ಲ ಅನ್ನೋ ಹಾಗಿಲ್ಲ. ನವರಾತ್ರಿಯ ಒಂಬತ್ತು ರಾತ್ರಿ ವಡೋದರಾದ ಗರ್ಬಾ ಮೈದಾನಗಳನ್ನು ನೋಡಿದವರಿಗೆ ಗೊತ್ತು, ಸೂರತ್ ಕಡೆ ಡಾಯರೋ ನಡೆದಾಗ ಹಾಡುವವರ ಮೇಲೆ ನೋಟಿನ ಮಳೆ ಸುರಿಯೋದನ್ನು ನೀವೂ ವಿಡಿಯೋದಲ್ಲಿ ನೋಡಿರ್ತೀರಿ. ಅಹಮದಾಬಾದ್‌ನಲ್ಲಿ ನಂದನ್ ಮೆಹ್ತಾ, ಮಂಜು ಮೆಹ್ತಾ ದಂಪತಿ ಕಟ್ಟಿದ ಸಪ್ತಕ್ ಪ್ರತಿ ಜನವರಿ ಶುರುವಿನಲ್ಲಿ ಹದಿಮೂರು ದಿನ ನಡೆಸೋ ಉತ್ಸವಕ್ಕೆ ಜನ ಹೇಗೆ ಸೇರ್ತಾರೆ ಅಂತ ನಾನೇ ಚಳಿಯಲ್ಲಿ ಶಾಲು ಹೊದ್ದು ನೋಡಿದೀನಿ. ದುಡ್ಡೂ ಇದೆ, ಕಿವಿಯೂ ಇದೆ. ಆದರೆ ದುಡ್ಡು ಒಂಬತ್ತು ರಾತ್ರಿಗೆ, ಕಿವಿ ಹದಿಮೂರು ದಿನಕ್ಕೆ. ಬಾಡಿಗೆ ಮಾತ್ರ ಹನ್ನೆರಡು ತಿಂಗಳು.

ಇನ್ನು ಮನೆ ಪಾಠ. ಬಹಳ ಜನ ಕೊನೆಗೆ ನಿಲ್ಲೋದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನ ಮಾಡ್ತೀನಿ.

ಹದಿನೈದು ಮಕ್ಕಳು, ತಲೆಗೆ ತಿಂಗಳಿಗೆ 1,500, ಹನ್ನೆರಡು ತಿಂಗಳು: 2,70,000 ಅಂತ ಬರೆದೆ. ಸೂರತ್‌ನಲ್ಲಿ ಅಕ್ಕನ ಮನೆಯ ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟು ತೋರಿಸ್ತಿದ್ದೆ. ಹುಡುಗಿ ಅಷ್ಟೊತ್ತು ಸುಮ್ಮನೆ ನೋಡ್ತಿದ್ದವಳು ಕೇಳಿದಳು, "ಮಾಮಾ, ನಿನ್ನ ಮಗನಿಗೆ ಹಾಡು ಕಲಿಸಾಕ ಬರ್ತಾರಲ್ಲಾ, ಅವರಿಗೆ ನೀ ವರ್ಷಕ್ಕ ಎಷ್ಟು ತಿಂಗಳಿಂದು ಕೊಡ್ತಿ?"

ಹನ್ನೆರಡು ಅನ್ನೋಕೆ ಬಾಯಿ ತೆರೆದೆ. ಆಮೇಲೆ ಯುಪಿಐ ಹಿಸ್ಟರಿ ತೆಗೆದು ಎಣಿಸಿದೆ. ಒಂಬತ್ತು.

ನಮ್ಮ ಮನೆಗೆ ಬರೋ ಬೆನ್ ಎಂಪಿಎ ಮಾಡಿದವರು. ಇಲ್ಲಿ ಟೀಚರ್‌ಗೆ ಬೆನ್ ಅಂತಲೇ ಅನ್ನೋದು, ನಿಮಗೆ ಗೊತ್ತಲ್ಲ. ಎಂಟು ಕ್ಲಾಸಿಗೆ 2,000 ಕೇಳಿದ್ದರು, ನಾನು ಚೌಕಾಸಿ ಮಾಡಿ 1,700ಕ್ಕೆ ಇಳಿಸಿದ್ದೆ. ಆ ದಿನ ಹೆಂಡತಿಯ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದೆ ಕೂಡ. ಮೇ ತಿಂಗಳು ನಾವು ಧಾರವಾಡಕ್ಕೆ ಹೋಗ್ತೀವಿ, ದುಡ್ಡಿಲ್ಲ. ದೀಪಾವಳಿಗೆ ಇಲ್ಲಿನ ಶಾಲೆಗಳಿಗೆ ಮೂರು ವಾರ ರಜೆ, ದುಡ್ಡಿಲ್ಲ. ಪರೀಕ್ಷೆ ತಿಂಗಳು ಮಗುವಿಗೆ ಒತ್ತಡ ಬೇಡ ಅಂತ ಕ್ಲಾಸ್ ನಿಲ್ಲಿಸಿದ್ವಿ (ಮಗು ಒಂದನೇ ಕ್ಲಾಸು!), ದುಡ್ಡಿಲ್ಲ. ಒಂಬತ್ತು ಸಲ 1,700, ಅಂದರೆ 15,300. ನನ್ನ ಸಂಬಳ ನಾನು ಧಾರವಾಡದಲ್ಲಿ ಮಾವಿನಹಣ್ಣು ತಿನ್ನುತ್ತಾ ಕೂತಾಗಲೂ ಬರುತ್ತೆ.

ಶೀಟಿನಲ್ಲಿ ಹನ್ನೆರಡು ಅಳಿಸಿ ಒಂಬತ್ತು ಬರೆದೆ. 2,70,000 ಇದ್ದದ್ದು 2,02,500ಕ್ಕೆ ಇಳಿಯಿತು. ಭಾವ ಏನೂ ಅನ್ನಲಿಲ್ಲ. ಅಕ್ಕ ಎದ್ದು ಒಳಗೆ ಹೋದಳು.

ನಾವು ಕೂತು ಸಂಗೀತದ ಗಳಿಕೆ ಎಷ್ಟು ಅಂತ ಹುಡುಕ್ತೀವಿ, ಮಾರ್ಕೆಟ್ ಅಂತೀವಿ. ಆ ಮಾರ್ಕೆಟ್ ಅಂದರೆ ಅಪಾರ್ಟ್‌ಮೆಂಟಿನಲ್ಲಿರೋ ನಾವೇ. ಅಮೆರಿಕದಲ್ಲಿರೋ ನಮ್ಮ ಬ್ಯಾಚ್‌ಮೇಟ್‌ಗಳು ಜೂಮ್‌ನಲ್ಲಿ ಮಕ್ಕಳಿಗೆ ಪಾಠ ಹೇಳಿಸ್ತಾರೆ, ಅವರು ಡಾಲರ್ ಕೊಡೋದರಿಂದ ಒಂದು ಕ್ಲಾಸಿಗೇ ಇಲ್ಲಿನ ಹಲವು ಕ್ಲಾಸುಗಳ ದುಡ್ಡು ಬರುತ್ತೆ. ಅದನ್ನು ಬೇರೆ ಸಾಲಾಗಿ ಹಾಕಿದೆ. ಆದರೆ ಆ ಪಾಠ ಇಲ್ಲಿನ ಬೆಳಗಿನ ಜಾವಕ್ಕೆ ಬರುತ್ತೆ, ಮತ್ತು ಅದೇ ಹೊತ್ತು ರಿಯಾಜಿನ ಹೊತ್ತು.

ಈಗ ಭಾವ ಮಧ್ಯದ ದಾರಿ ತೆಗೆದರು. ನಿಮ್ಮಲ್ಲೂ ಬಹಳ ಜನರ ತಲೆಯಲ್ಲಿ ಇದೇ ಓಡ್ತಿರಬಹುದು. ಸೂರತ್‌ನಲ್ಲೇ ಬಿಸಿಎ ಮಾಡಲಿ, ಸಂಜೆ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪರೀಕ್ಷೆ ಕಟ್ಟಿಕೊಂಡು ವಿಶಾರದ ಮುಗಿಸಲಿ. ಎರಡೂ ಕೈಯಲ್ಲಿರತಾವು. ಕೇಳೋಕೆ ಎಷ್ಟು ಚೆಂದ!

ನನಗೆ ನಿದ್ದೆ ಹೋಗಿದ್ದು ಇದಕ್ಕೇ. ಈ ಮಧ್ಯದ ದಾರಿಯಲ್ಲಿ ನಡೆದವನು ನಾನು. ಪ್ರಾರಂಭಿಕ, ಪ್ರವೇಶಿಕಾ ಎರಡು, ಮಧ್ಯಮಾ ಎರಡು, ಆಮೇಲೆ ವಿಶಾರದ ಎರಡು ಅಂತ ಮೆಟ್ಟಿಲು. ಧಾರವಾಡದಲ್ಲಿ ಗುರುಗಳ ಹತ್ತಿರ ಕೂತು ಮಧ್ಯಮಾ ಪೂರ್ಣ ಮುಗಿಸಿದ್ದೆ. ಬಿಇ ಸೇರಿದಾಗ ಅಪ್ಪ ಅಂದರು, ಎರಡೂ ಮಾಡು. ನಾನೂ ಹೂಂ ಅಂದೆ. ಎರಡನೇ ವರ್ಷ ಲ್ಯಾಬ್, ಮೂರನೇ ವರ್ಷ ಗೇಟ್ ಪರೀಕ್ಷೆ. ಬಿಟ್ಟುಬಿಡ್ತೀನಿ ಅಂತ ನಾನು ಯಾವತ್ತೂ ತೀರ್ಮಾನ ಮಾಡಲಿಲ್ಲ. ಒಂದು ದಿನ ನೋಡಿದರೆ ಬಿಟ್ಟು ಎರಡು ವರ್ಷ ಆಗಿತ್ತು. ನಮ್ಮ ತಂಬೂರಿ ಧಾರವಾಡದ ಮನೆಯ ಅಟ್ಟದ ಮೇಲೆ ಹಳೇ ಸೀರೆ ಸುತ್ತಿಕೊಂಡು ಮಲಗಿದೆ. ಈಗ ಯಮನ್‌ನಲ್ಲಿ ಒಂದು ಛೋಟಾ ಖ್ಯಾಲ್ ಹಾಡು ಅಂದರೆ ಸ್ಥಾಯಿ ಬರುತ್ತೆ, ಅಂತರಾ ಮರೆತುಹೋಗುತ್ತೆ. ಹುಡುಗಿಗೆ ಮೊದಲು ಸಾ ಹೇಳಿಕೊಟ್ಟವನು ನಾನೇ. ಅವಳಿಗೆ ನಾಲ್ಕು ವರ್ಷ ಇದ್ದಾಗ.

ಆದ್ದರಿಂದ ಮೂರನೇ ಟ್ಯಾಬ್ ಮಾಡಿದೆ, ಅದರಲ್ಲಿ ರೂಪಾಯಿ ಇಲ್ಲ, ಗಂಟೆ. ವಡೋದರಾಕ್ಕೆ ಹೋದರೆ ಕ್ಲಾಸು, ರಿಯಾಜು ಸೇರಿ ದಿನಕ್ಕೆ ಕನಿಷ್ಠ ನಾಲ್ಕು ಗಂಟೆ, ವರ್ಷಕ್ಕೆ 300 ದಿನ, ನಾಲ್ಕು ವರ್ಷ: 4,800 ಗಂಟೆ. ಬಿಸಿಎ ಜೊತೆಗೆ ಅಂದರೆ ದಿನಕ್ಕೆ ಒಂದು ಗಂಟೆ, ವರ್ಷಕ್ಕೆ 200 ದಿನ, ನಾಲ್ಕು ವರ್ಷ: 800. ಇದು ನನ್ನ ಸ್ವಂತ ಅನುಭವದ ಅಂದಾಜು, ಸ್ವಲ್ಪ ಉದಾರವಾಗಿಯೇ ಹಿಡಿದದ್ದು. ಹದಿನೆಂಟರಿಂದ ಇಪ್ಪತ್ತೆರಡರ ಆ 4,000 ಗಂಟೆಯನ್ನು ಮೂವತ್ತನೇ ವಯಸ್ಸಿನಲ್ಲಿ ಕೊಳ್ಳೋಕೆ ಬರಲ್ಲ, ನಾನು ಪ್ರಯತ್ನ ಮಾಡಿ ನೋಡಿದೀನಿ. ಭಾವನಿಗೆ ಹೇಳಿದೆ, "ಭಾವಾ, ಇದು ಎರಡೂ ಕೈಯಾಗಿರೋ ದಾರಿ ಅಲ್ಲ. ಸಂಗೀತಾ ಬಿಟ್ಟದ್ದು ಗೊತ್ತಾಗದಂಗ ಬಿಡೋ ದಾರಿ. ಬೇಡ ಅನ್ನೋದಿದ್ರ ಈಗ ನೇರ ಬೇಡ ಅನ್ರಿ."

ಸ್ವಲ್ಪ ಜೋರಾಗೇ ಹೇಳಿದೆ ಅನ್ಸುತ್ತೆ. ಟೇಬಲ್ ಸುತ್ತ ಯಾರೂ ಮಾತಾಡಲಿಲ್ಲ. ಹುಡುಗಿ ಮೆಲ್ಲಗೆ, "ಮಾಮಾ, ನೀ ಬಿಇ ಸೇರೋವಾಗ ಯಾರರೆ ಇಷ್ಟು ಲೆಕ್ಕಾ ಮಾಡಿದ್ರೇನು?" ಅಂದಳು. ಯಾರೂ ಮಾಡಿರಲಿಲ್ಲ. ನಮ್ಮ ಓಣಿಯಲ್ಲಿ ಎಲ್ಲರೂ ಸೇರ್ತಿದ್ದರು, ನಾನೂ ಸೇರಿದೆ.

ಕೊನೆಗೆ ದಾರಿ ಸಿಕ್ಕಿದ್ದು ಬಡ್ಡಿ ಲೆಕ್ಕದಲ್ಲಿ. ಭಾವನಿಗೆ ಅರ್ಥ ಆಗೋ ಭಾಷೆಯೂ ಅದೇ. 12 ಲಕ್ಷ ಹೇಗೂ ಮಗಳ ಓದಿಗೆ ಅಂತಲೇ ಇಟ್ಟದ್ದು. ಎಂಜಿನಿಯರಿಂಗ್ ಆದರೆ ನಾಲ್ಕು ವರ್ಷದಲ್ಲಿ ಖಾತೆ ಹೆಚ್ಚುಕಡಿಮೆ ಖಾಲಿ. ಸಂಗೀತ ಆದರೆ ಪ್ರತಿ ವರ್ಷದ ಶುರುವಿನಲ್ಲಿ 1,44,000 ತೆಗೆದು, ಉಳಿದದ್ದಕ್ಕೆ 7 ಪರ್ಸೆಂಟ್ ಬಡ್ಡಿ ಹಿಡಿದು ಆರು ವರ್ಷ ಓಡಿಸಿದೆ. ಕೊನೆಗೆ ಖಾತೆಯಲ್ಲಿ ಸುಮಾರು 7 ಲಕ್ಷ ಉಳಿಯಿತು. ತೆರಿಗೆ, ಬೆಲೆ ಏರಿಕೆ ಬಿಟ್ಟಿದ್ದೀನಿ, ಅವನ್ನು ಸೇರಿಸಿದರೆ ಕಮ್ಮಿ ಆಗುತ್ತೆ. ಆದರೂ ಆ ಏಳು ಲಕ್ಷ ಅವಳ ಹೆಸರಿನಲ್ಲೇ ಇದ್ದರೆ ಅದರ ಬಡ್ಡಿಯೇ ತಿಂಗಳಿಗೆ ಸುಮಾರು 4,000. ಮನೆ ಪಾಠದ 2,02,500ನ್ನು ಹನ್ನೆರಡಕ್ಕೆ ಭಾಗಿಸಿದರೆ ತಿಂಗಳಿಗೆ 16,875. ಎರಡೂ ಸೇರಿ ಇಪ್ಪತ್ತು ಸಾವಿರದ ಮೇಲೆ. ಅಂದರೆ ಅತಿ ಸಾಧಾರಣ ಸ್ಥಿತಿಯಲ್ಲೂ, ಕೆಲಸ ಸಿಗದೇ ಹೋದರೂ, ವೇದಿಕೆ ಸಿಗದೇ ಹೋದರೂ ಇಷ್ಟಂತೂ ಇರುತ್ತೆ. ಎಂಜಿನಿಯರ್ ಹುಡುಗಿ ಅಷ್ಟೊತ್ತಿಗೆ ಇದರ ಎರಡರಷ್ಟು ದುಡೀತಿರ್ತಾಳೆ, ಮುಂದೆ ಅಂತರ ಬೆಳೀತಾನೇ ಹೋಗುತ್ತೆ, ಅದನ್ನು ಮುಚ್ಚಿಡಲಿಲ್ಲ. ಕೆಂಪು ಬಣ್ಣದಲ್ಲೇ ತೋರಿಸಿದೆ.

ಭಾವ ಕೆಂಪು ಸಾಲು ಬಹಳ ಹೊತ್ತು ನೋಡಿದರು. "ಇಪ್ಪತ್ತು ಸಾವಿರ ಅಂದ್ರ ಉಪವಾಸಂತೂ ಬೀಳೂದಿಲ್ಲ" ಅಂದರು. ಆಮೇಲೆ ಒಂದು ಷರತ್ತು ಹಾಕಿದರು: ಉಳಿಯೋ ಏಳು ಲಕ್ಷವನ್ನು ಮದುವೆಗೆ ಅಂತ ಯಾರೂ ಮುಟ್ಟೋ ಹಾಗಿಲ್ಲ. ಇದನ್ನು ಹೇಳಿದ್ದು ಭಾವ ಅಂತ ಮತ್ತೊಮ್ಮೆ ಹೇಳ್ತೀನಿ, ನಾನಲ್ಲ, ಅಕ್ಕನೂ ಅಲ್ಲ.

ಅರ್ಜಿ ಹಾಕೋಕೆ ಮೊದಲು ಎಲ್ಲರೂ ಒಂದು ಭಾನುವಾರ ವಡೋದರಾಕ್ಕೆ ಹೋದ್ವಿ. ನಾನು ಅಹಮದಾಬಾದ್‌ನಿಂದ, ಅವರು ಸೂರತ್‌ನಿಂದ. ಎರಡು ಊರಿಗೂ ನಡುವೆ ಇರೋದಕ್ಕೆ ವಡೋದರಾ ನಮಗೆ ಒಳ್ಳೇದೇ ಆಯ್ತು. ಕಾಲೇಜಿನ ಬಾಗಿಲು ಮುಚ್ಚಿತ್ತು. ಸೂರಸಾಗರದ ದಂಡೆಯ ಮೇಲೆ ನಿಂತು, ಕೆರೆಯ ನಡುವೆ ನಿಂತ ಶಿವನ ದೊಡ್ಡ ಮೂರ್ತಿ ನೋಡಿ, ಸೇವ್ ಉಸಳ್ ತಿಂದ್ವಿ. ಭಾವ ಕಾಂಪೌಂಡ್ ಗೋಡೆಯನ್ನು ಒಂದು ಸುತ್ತು ನೋಡಿಕೊಂಡು ಬಂದು, "ಗಟ್ಟಿ ಅದ" ಅಂದರು. ಕಾರ್ಖಾನೆಯವರು, ಅವರಿಗೆ ಹಾಗೇ ಕಾಣೋದು.

ಹುಡುಗಿ ಈಗ ಮೊದಲ ವರ್ಷದಲ್ಲಿದ್ದಾಳೆ. ಗಂಟಲು ಕಟ್ಟಿದೆ, ಮೆಸ್ಸಿನ ದಾಲ್ ಸಿಹಿ, ಭೈರವದ ರಿಷಭ ಇನ್ನೂ ಕೂಡ್ತಿಲ್ಲ ಅಂತ ವಾರಕ್ಕೊಮ್ಮೆ ಫೋನು. ಆ ರಿಷಭದ ಬಗ್ಗೆ ನಾನು ಏನೋ ಹೇಳೋಕೆ ಹೋದೆ, "ಮಾಮಾ, ನೀ ಸುಮ್ನಿರು" ಅಂದಳು.

ನಮ್ಮ ಮನೆಯ ಬೆನ್‌ಗೆ ಈ ಸಲ ದೀಪಾವಳಿ ತಿಂಗಳಿನದನ್ನೂ ಸೇರಿಸಿ ಪೂರ್ತಿ 2,000 ಕಳಿಸಿದೆ. ಹತ್ತು ನಿಮಿಷದಲ್ಲಿ ಫೋನ್ ಬಂತು. "ಭಾಯಿ, ನಿಮ್ಮಿಂದ ತಪ್ಪಿ ಬಂದಿದೆ, ರಜೆ ಇತ್ತಲ್ಲ, ವಾಪಸ್ ಹಾಕ್ಲಾ?" ಅಂತ ಕೇಳಿದರು.